ಮೇಣದ ಬತ್ತಿಗೆ ಸಲ್ಲಬೇಕಾದ ಗೌರವ

ಮಲೇರಿಯಾದ ಅಣುಜೀವಶಾಸ್ತ್ರ ಕುರಿತು ಬರೆಯುವವರಲ್ಲಿ ಬಹುಪಾಲು ಜನ 2002ರಿಂದಲೇ ಕಥೆ ಶುರು ಮಾಡುತ್ತಾರೆ. ಆ ಅಕ್ಟೋಬರಿನಲ್ಲಿ ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಜೀನೋಮ್ ‘ನೇಚರ್’ನಲ್ಲಿ ಪ್ರಕಟವಾಯಿತು: 14 ಕ್ರೋಮೋಸೋಮು, ಸುಮಾರು 5,300 ಜೀನು. ದೊಡ್ಡ ಕೆಲಸವೇ. ಆದರೆ ಅವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಮೂರು ಪಾಲು ಜೀನುಗಳ ಕೆಲಸವೇನೆಂದು ಅಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ತಾಯಿಬೇರು 1976ರಲ್ಲಿ ‘ಸೈನ್ಸ್’ನಲ್ಲಿ ಬಂದ ಮೂರೇ ಪುಟದ ಲೇಖನ: ಈ ಪರಾವಲಂಬಿಯನ್ನು ಮೈಯಿಂದಾಚೆ, ಬಟ್ಟಲಿನಲ್ಲಿ ಎಡೆಬಿಡದೆ ಬೆಳೆಸಿದ ವರದಿ. ಬರೆದವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್.

ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಅಂಕಿ. ಮೂರು ನಾಲ್ಕು ದಿನಕ್ಕೊಮ್ಮೆ ಮನುಷ್ಯರ ಹೊಸ ಕೆಂಪು ರಕ್ತಕಣ ಬೆರೆಸುತ್ತಾ ಹೋದಂತೆ, ಕೋತಿಯ ರಕ್ತದಿಂದ ತಂದ ಮೂಲ ಪರಾವಲಂಬಿ 10 ಕೋಟಿ ಪಟ್ಟಿಗೂ ಮೀರಿ ತೆಳುವಾಯಿತು. ಆದರೂ ಬಟ್ಟಲಿನಲ್ಲಿ ಪರಾವಲಂಬಿ ಇತ್ತು. ಅಂದರೆ ಅದು ಉಸಿರು ಹಿಡಿದುಕೊಂಡು ಉಳಿದದ್ದಲ್ಲ, ಸುತ್ತಿನ ಮೇಲೆ ಸುತ್ತು ಹುಟ್ಟಿ ಬೆಳೆದದ್ದು. 1912ರಲ್ಲೇ ಬಾಸ್ ಮತ್ತು ಜಾನ್ಸ್ ಎಂಬ ಸಂಶೋಧಕರು ಇದನ್ನು ಗಾಜಿನ ಕೊಳವೆಯಲ್ಲಿ ಕೆಲವು ಸುತ್ತು ಬೆಳೆಸಿದ್ದರು. ಅದರಾಚೆಗೆ ದಾಟಲು ಆರು ದಶಕ ಬೇಕಾಯಿತು.

ದಾಟಿಸಿದ ವಿಧಾನವಾದರೂ ಎಷ್ಟು ಸರಳ! ಬಟ್ಟಲಿನ ತಳದಲ್ಲಿ ರಕ್ತಕಣಗಳು ತೆಳ್ಳಗೆ ಕುಳಿತಿರಬೇಕು, ಕಲಕಬಾರದು. ಬಟ್ಟಲುಗಳನ್ನು ಗಾಜಿನ ಡೆಸಿಕೇಟರಿನಲ್ಲಿಟ್ಟು, ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿ, ತೂತು ತೆರೆದಿಟ್ಟೇ ಮುಚ್ಚಳ ಹಾಕುವುದು. ಬತ್ತಿ ತಾನಾಗಿ ಆರಿದ ಕ್ಷಣ ತೂತನ್ನೂ ಬಿಗಿಯುವುದು. ಒಳಗೀಗ ಆಮ್ಲಜನಕ ತಗ್ಗಿದೆ, ಇಂಗಾಲದ ಡೈಆಕ್ಸೈಡ್ ಏರಿದೆ. ಗ್ಯಾಸ್ ಸಿಲಿಂಡರಿಗೆ ದುಡ್ಡಿಲ್ಲದ ಪ್ರಯೋಗಾಲಯವೂ ಮಲೇರಿಯಾ ಬೆಳೆಸಬಹುದು ಎಂದಾದದ್ದು ಹೀಗೆ.

ಇದನ್ನು ‘ಬರೀ ಕೈಚಳಕ’ ಎಂದು ಬದಿಗೆ ಸರಿಸುವ ವಿಮರ್ಶಕರ ಜತೆ ನನಗೆ ತಕರಾರಿದೆ. ಜೀನೋಮಿನ ವಿಜಯವೆಂದು ಅವರು ಎತ್ತಿ ತೋರಿಸುವುದು ಮಲೇರಿಯಾ ಔಷಧಿ ಆರ್ಟಿಮಿಸಿನಿನ್‌ಗೆ ಜಗ್ಗದ ಪರಾವಲಂಬಿಯಲ್ಲಿ 2014ರಲ್ಲಿ ಗುರುತಿಸಿದ ಕೆಲ್ಚ್-13 ಜೀನಿನ ಬದಲಾವಣೆಯನ್ನು. ಆ ಪ್ರಬಂಧವನ್ನು ಅವರು ಪೂರ್ತಿ ಓದಲಿ. ಟಾಂಜಾನಿಯಾ ಮೂಲದ ತಳಿಯೊಂದಕ್ಕೆ ಐದು ವರ್ಷ ಔಷಧಿಯ ಪ್ರಮಾಣ ಏರಿಸುತ್ತಾ, ಅದರ ಜೋಡಿ ತಳಿಯನ್ನು ಔಷಧಿಯಿಲ್ಲದೆ ಸಾಕಿ, ಆಮೇಲೆ ಎರಡರ ಜೀನೋಮನ್ನು ಹೋಲಿಸಿದ್ದಾರೆ. ಓದುವ ಯಂತ್ರ ಬೇಕಿತ್ತು, ಒಪ್ಪುತ್ತೇನೆ. ಆದರೆ ಓದಲು ಏನಾದರೂ ಇರಬೇಕಲ್ಲ! ಐದು ವರ್ಷ ಬಿಡದೆ ರಕ್ತ ಬದಲಿಸಿದ ಕೈಗಳ ಹೆಸರು ಇವರ ಬರಹಗಳಲ್ಲಿ ಒಂದು ಸಾಲಿಗೂ ಬರುವುದಿಲ್ಲ.

ನನ್ನ ಮಾತಿಗೆ ಇನ್ನೂ ಗಟ್ಟಿ ಸಾಕ್ಷಿ ಭಾರತದಲ್ಲೂ ಲಕ್ಷಾಂತರ ಜನರನ್ನು ಕಾಡಿರುವ ವೈವಾಕ್ಸ್ ಮಲೇರಿಯಾ. ಅದರ ಜೀನೋಮ್ 2008ರಿಂದಲೂ ನಮ್ಮ ಕೈಯಲ್ಲಿದೆ. ಬಟ್ಟಲಿನಲ್ಲಿ ಎಡೆಬಿಡದೆ ಬೆಳೆಸುವ ಕಲ್ಚರ್ ಮಾತ್ರ ಇಲ್ಲ. ಅದು ಹೊಗುವುದು ಎಳೆಯ ಕೆಂಪುಕಣಗಳನ್ನು. ಆರೋಗ್ಯವಂತರ ರಕ್ತದಲ್ಲಿ ಅವು ನೂರಕ್ಕೆ ಒಂದೋ ಎರಡೋ. ಆದ್ದರಿಂದ ವೈವಾಕ್ಸ್ ಮೇಲೆ ಔಷಧಿ ಪರೀಕ್ಷಿಸಬೇಕೆಂದರೆ ಇಂದಿಗೂ ರೋಗಿಯ ತೋಳಿನಿಂದಲೋ ಕೋತಿಯಿಂದಲೋ ಆಗತಾನೇ ತೆಗೆದ ರಕ್ತ ಬೇಕು. ಬಟ್ಟಲಿನಲ್ಲಿ ಅದು ಸಾಯುವಷ್ಟರೊಳಗೆ ಪ್ರಯೋಗ ಮುಗಿಯಬೇಕು.