ಮುಖ್ಯ ವಿಚಾರಣೆಯ ಕಸುಬು

ಬೆಳಗಾವಿಯ ಸೆಷನ್ಸ್ ಕೋರ್ಟಿನಲ್ಲಿ ಜನ ಕಿವಿ ನಿಮಿರಿಸುವುದು ಪಾಟೀಸವಾಲಿಗೆ. ನನ್ನ ಮೆಚ್ಚುಗೆ ಅದಕ್ಕೂ ಮೊದಲಿನ ಮುಖ್ಯ ವಿಚಾರಣೆಗೆ, ಅದನ್ನು ನಡೆಸುವ ಸರ್ಕಾರಿ ಅಭಿಯೋಜಕರಿಗೆ. ರವಿವಾರ ಪೇಟೆಯ ಹಮಾಲನೋ ಖಾನಾಪುರದ ರೈತನೋ ಕಟಕಟೆ ಹತ್ತಿದರೆ, ಉತ್ತರವನ್ನು ಅವರ ಬಾಯಿಗೆ ತುರುಕುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 146ನೇ ಕಲಮೂ ಸೂಚಕ ಪ್ರಶ್ನೆಗೆ ಕಡಿವಾಣ ಹಾಕಿದೆ. ‘ಆಮೇಲೆ?’, ‘ಎಲ್ಲಿ ನಿಂತಿದ್ದಿರಿ?’ ಎಂಬಂಥ ಪುಟ್ಟ ಪ್ರಶ್ನೆಗಳಿಂದಲೇ, ಮರಾಠಿ ಬೆರೆತ ಮಾತಿನೊಳಗಿಂದ, ಹೆದರಿದವರ ನೆನಪು ಕ್ರಮಕ್ಕೆ ಬರಬೇಕು. ಎಂಥ ತಾಳ್ಮೆ ಬೇಕು ಇದಕ್ಕೆ! ಸಾಕ್ಷಿ ತಿರುಗಿಬಿದ್ದರೆ 157ನೇ ಕಲಮಿನಡಿ ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟೀಸವಾಲು ಹಾಕುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಕಡತದಲ್ಲಿ ಆರೋಪಿಗೆ ಅನುಕೂಲವಾದ ಸಂಗತಿ ಕಂಡರೂ ಅದನ್ನು ಮುಚ್ಚಿಡದೆ ನ್ಯಾಯಾಧೀಶರ ಮುಂದಿಡುವುದು.