ಎರಿ ಹೊಲದ ಕೃಷಿಹೊಂಡ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರಿ ಭೂಮಿಯಲ್ಲಿ ಹಿಂಗಾರಿ ಬೆಳೆಯನ್ನು ಸಾಕುವುದು ಮಣ್ಣಿನೊಳಗೆ ಉಳಿದ ಹಸಿ. ಒಂದು ಮೀಟರ್ ಆಳದ ಒಳ್ಳೆಯ ಎರಿ ಮಣ್ಣು ಬೇರಿಗೆ ದಕ್ಕುವಂಥ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಡುತ್ತದೆ. ಮಳೆಗಾಲದ ಕೊನೆಗೆ ಬಿತ್ತಿದ ಕಡಲೆ, ಬಿಳಿಜೋಳ, ಕುಸುಬಿ ಈ ಗಂಟನ್ನೇ ನಂಬಿ ಚಳಿಗಾಲ ದಾಟುತ್ತವೆ. ಹಸಿ ಸಾಲದೆ ಹೋದ ವರ್ಷ ಒಂದು ಸಲ, ಹೆಚ್ಚೆಂದರೆ ಎರಡು ಸಲ ಆಸರೆಯ ನೀರು ಸಿಕ್ಕರೆ ಬೆಳೆ ಉಳಿಯುತ್ತದೆ. ಕೃಷಿಹೊಂಡದ ಯೋಗ್ಯತೆಯನ್ನು ಈ ಒಂದು ನೀರಿನ ಮೇಲೆಯೇ ಅಳೆಯಬೇಕು.

ಈ ಸೀಮೆಗೆ ನೀರಾವರಿ ಹೊಸದಲ್ಲ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಐವತ್ತು ವರ್ಷ ಕಳೆದಿವೆ. ಕಾಲುವೆಯ ನೀರು ಕೊನೆಯ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟಿಸು ರೈತರ ಮನೆ ಮುಟ್ಟಿತು. ಆ ಕರದ ವಿರುದ್ಧ ರೈತರು ಎದ್ದಾಗ, 1980ರ ಜುಲೈ 21ರಂದು, ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡು ಹಾರಿ ರೈತರು ಪ್ರಾಣ ತೆತ್ತರು. ನೀರು ಧಾರಾಳವಾಗಿ ಸಿಕ್ಕಲ್ಲಿಯೂ ಬಸಿಗಾಲುವೆ ಇಲ್ಲದ ಎರಿ ಹೊಲ ಜವುಳು ಹಿಡಿದು ಸವುಳಾಯಿತು. ಇಂದು ಅದೇ ಜಲಾಶಯ ಹುಬ್ಬಳ್ಳಿ-ಧಾರವಾಡದ ಬಾಯಾರಿಕೆಯನ್ನೂ ನೀಗಿಸಬೇಕು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ, ಮಲಪ್ರಭೆಗೆ ನೀರು ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಕೊಟ್ಟ 3.9 ಟಿಎಂಸಿ ಕೂಡ ಕುಡಿಯುವ ನೀರಿನ ಲೆಕ್ಕದ್ದು. ಕೊನೆಯಂಚಿನ ರೈತ ಕಾಲುವೆಯನ್ನೇ ಕಾಯುತ್ತ ಕೂಡುವ ಕಾಲ ಮುಗಿದಿದೆ ಎಂದೇ ನನ್ನ ಅಭಿಪ್ರಾಯ.

2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆ ಹೊಂಡಗಳಿಗೆ ಸಹಾಯಧನ ಕೊಟ್ಟಿತು. ಇದರ ಹಿಂದಿನ ವಿಚಾರ ಗಟ್ಟಿಯಾದದ್ದು. ಲೆಕ್ಕ ಹಾಕಿ ನೋಡಿ. ನೂರು ಅಡಿ ಉದ್ದ, ನೂರು ಅಡಿ ಅಗಲ, ಹನ್ನೆರಡು ಅಡಿ ಆಳದ ಹೊಂಡ ಬದಿಯ ಇಳಿಜಾರು ಕಳೆದು 23 ಲಕ್ಷ ಲೀಟರಿನಷ್ಟು ನೀರು ಹಿಡಿಯುತ್ತದೆ. ಒಂದು ಎಕರೆಗೆ ಎರಡು ಅಂಗುಲ ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ತುಂಬಿದ ಹೊಂಡವೊಂದು ಹತ್ತು ಎಕರೆ ಕಡಲೆಗೆ ಒಂದು ನೀರು ಕೊಡಬಲ್ಲದು. ಅದೂ ಕಾಯಿ ಕಟ್ಟುವ ಹೊತ್ತಿಗೆ, ಬೆಳೆಗೆ ನಿಜಕ್ಕೂ ಬೇಕಾದಾಗ. ಅಂತರ್ಜಲ ಉಪ್ಪಾಗಿರುವ ನವಲಗುಂದದ ಕಡೆ ಕೊಳವೆಬಾವಿಗೆ ಈ ಶಕ್ತಿಯಿಲ್ಲ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ಹೊಲಗಳನ್ನೇ ಮುಳುಗಿಸುವ ನಾಡಿನಲ್ಲಿ ಹೊಂಡ ತುಂಬಲು ನೀರಿಗೆ ಬರವಿಲ್ಲ.

ಎರಿ ಮಣ್ಣು ತೊಯ್ದಾಗ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದರಿಂದ ಇಲ್ಲಿ ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸದೆಯೂ ನೀರು ನಿಲ್ಲುತ್ತದೆ. ಕಲಘಟಗಿ ಕಡೆಯ ಕೆಂಪು ಮಣ್ಣಿನಲ್ಲಿ ಹಾಳೆಯಿಲ್ಲದ ಹೊಂಡ ಬೇಗ ಬತ್ತೀತು. ಎರಡಕ್ಕೂ ಒಂದೇ ನಕ್ಷೆ, ಒಂದೇ ಅಂದಾಜುಪಟ್ಟಿ ಹೊಂದದು.

ದೋಷಗಳೂ ಇವೆ, ಸಣ್ಣವಲ್ಲ. ಮರವಿಲ್ಲದ ಬಯಲು, ಬೀಸುವ ಗಾಳಿ. ದಿನಕ್ಕೆ ಐದು ಮಿಲಿಮೀಟರ್ ಆರಿದರೂ ಮೂರು ತಿಂಗಳಲ್ಲಿ ಒಂದೂವರೆ ಅಡಿ ನೀರು ಹಾರಿಹೋಗುತ್ತದೆ. ನೀರು ಒಳಬರುವ ಕಡೆ ಹೂಳುಗುಂಡಿ ಇಲ್ಲದಿದ್ದರೆ ಹೊಲದ ಮೇಲ್ಮಣ್ಣೇ ಬಂದು ಹೊಂಡವನ್ನು ತುಂಬುತ್ತದೆ; ಒಡ್ಡು ಹಾಕದ ಹೊಲದಲ್ಲಿ ಹೊಂಡ ತೋಡುವುದು ಅರ್ಧ ಕೆಲಸ. ಬೇಲಿಯಿಲ್ಲದ ಹೊಂಡ ಮಕ್ಕಳಿಗೂ ದನಕರುಗಳಿಗೂ ಮೃತ್ಯು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಹೊಂಡದ ನೀರನ್ನು ಕಾಲುವೆ ನೀರಿನಂತೆ ಮಡಿ ತುಂಬ ಹರಿಯಬಿಡುವುದು. ಹಾಗೆ ಮಾಡಿದರೆ ಹತ್ತು ಎಕರೆಯ ನೀರು ನಾಲ್ಕು ಎಕರೆಗೇ ತೀರುತ್ತದೆ. ತುಂತುರು ಪೈಪು ಹೊಂಡದ ಅಂಗವೇ ಹೊರತು ಆಮೇಲೆ ಅನುಕೂಲವಾದಾಗ ಕೊಳ್ಳುವ ವಸ್ತುವಲ್ಲ.

ಎಷ್ಟು ಹೊಂಡ ತೋಡಿದೆವು ಎಂಬ ಸಂಖ್ಯೆ ಬರಿಯ ಮಣ್ಣೆತ್ತಿದ ಲೆಕ್ಕ. ಬರ ಬಿದ್ದ ವರ್ಷ ಎಷ್ಟು ಎಕರೆ ಹಿಂಗಾರಿ ಉಳಿಯಿತು ಎಂಬುದನ್ನು ಇಲಾಖೆ ಬರೆದಿಡಲಿ. ಹೂಳುಗುಂಡಿ, ಬೇಲಿ, ತುಂತುರು ಪೈಪು ಈ ಮೂರೂ ಇಲ್ಲದ ಹೊಂಡಕ್ಕೆ ಸಹಾಯಧನದ ಕೊನೆಯ ಕಂತು ಬಿಡುಗಡೆ ಮಾಡಬಾರದು.