ಸೆರೆಯಾಳಿನ ಕೈಯಲ್ಲಿ ಒಂದು ಮಿತ್ರಸಂಮಿತ ಗ್ರಂಥ

ಉಪದೇಶವನ್ನು ಪ್ರಭುಸಂಮಿತ, ಮಿತ್ರಸಂಮಿತ, ಕಾಂತಾಸಂಮಿತವೆಂದು ಆಲಂಕಾರಿಕರು ಮೂರು ಬಗೆಯಾಗಿ ವಿಂಗಡಿಸುವರು. 1939ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಗ್ರಂಥವು ಎರಡನೆಯ ಬಗೆಗೆ ಸೇರತಕ್ಕದ್ದು. ಕುಡಿತವನ್ನು ಬಿಟ್ಟವರು ಬಿಡಲಾರದವರಿಗಾಗಿ ಬರೆದುದಿದು. ಇತರರಿಗೆ ನೆರವಾಗುವ ಬಗೆಯನ್ನು ಹೇಳುವ ಏಳನೆಯ ಅಧ್ಯಾಯವೇ ಇದರ ಜೀವಾಳ. ಎತ್ತರದಲ್ಲಿ ನಿಂತು ನೀತಿ ಹೇಳಲಾಗದು, ತನ್ನ ಪತನದ ಕಥೆಯನ್ನೇ ಮುಂದಿಡಬೇಕು ಎಂಬುದು ಅದರ ಸಾರ. 1942ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ, ಅಧಿಕಾರಿ ಕ್ಲಿಂಟನ್ ಡಫಿಯವರ ಕಾಲದಲ್ಲಿ, ಕೈದಿಗಳದೇ ಒಂದು ಕೂಟವು ಏರ್ಪಟ್ಟಾಗ ಈ ಗುಣವು ಒರೆಗಲ್ಲಿಗೆ ಬಂದಿತು. ಪಾದ್ರಿಗೂ ಕಾವಲುಗಾರನಿಗೂ ಕಿವಿಗೊಡದವನು ತನ್ನಂತೆಯೇ ಶಿಕ್ಷೆ ಅನುಭವಿಸುವವನ ಮಾತಿಗೆ ಕಿವಿಗೊಟ್ಟಾನು.

ಆದರೆ ಉದ್ಯೋಗವಿರಲಿ ಇಲ್ಲದಿರಲಿ, ಪತ್ನಿಯಿರಲಿ ಇಲ್ಲದಿರಲಿ, ದೈವವನ್ನು ನೆಮ್ಮಿದವನು ಗುಣಹೊಂದುವನೆಂದು ಅದೇ ಅಧ್ಯಾಯವು ಸಾರುತ್ತದೆ. ಮನೆಯುಳ್ಳವನಿಗೆ ಇದು ಧೈರ್ಯವಚನ. ಬಿಡುಗಡೆಯ ರಾತ್ರಿ ತಲೆಯಿಡಲು ಎಡೆಯಿಲ್ಲದವನಿಗೆ? ವಾಷಿಂಗ್ಟನ್ ಸಂಸ್ಥಾನದಲ್ಲಿ ಸೆರೆಯಿಂದ ಬಿಡುಗಡೆಯಾದವರನ್ನು ಕುರಿತು 2007ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಮೊದಲ ಎರಡು ವಾರಗಳಲ್ಲಿ ಅವರ ಮರಣಭಯವು ಇತರ ನಿವಾಸಿಗಳಿಗಿಂತ 12.7 ಪಟ್ಟು, ಮುಖ್ಯ ಕಾರಣ ಮಾದಕದ್ರವ್ಯದ ಅತಿಸೇವನೆ. ಸೆರೆವಾಸದಲ್ಲಿ ದೇಹವು ತಾಳಿಕೆಯನ್ನು ಕಳೆದುಕೊಂಡಿರಲು, ಹಳೆಯ ಪ್ರಮಾಣವೇ ವಿಷವಾಗುತ್ತದೆ. ಮದ್ಯವೊಂದನ್ನೇ ಎದುರಿಗಿಟ್ಟುಕೊಂಡ ಗ್ರಂಥಕರ್ತರು ಇದನ್ನು ಊಹಿಸದಿದ್ದುದು ಸಹಜವೇ. ಅವರು ಮನಸ್ಸಿನಲ್ಲಿಟ್ಟ ವಾಚಕನೇ ಬೇರೆ. ಪತ್ನಿಯರಿಗೊಂದು, ಕುಟುಂಬಕ್ಕೊಂದು, ಉದ್ಯೋಗದಾತರಿಗೊಂದು ಅಧ್ಯಾಯವನ್ನು ಅವರು ಮೀಸಲಿಟ್ಟರು; ಸೆರೆಮನೆಯ ಹೆಬ್ಬಾಗಿಲನ್ನು ದಾಟಿ ಹೊರಬರುವವನಿಗೆ ಒಂದನ್ನೂ ಇಡಲಿಲ್ಲ.